ದಿನಾ ಮೂರು ಗಂಟೆಗೆ ದಾರಿ ತಪ್ಪುವ ಕೆಲಸ

ನನ್ನ ಅಳಿಯ ಕಟ್ಟಿದ ಊರಿನಲ್ಲಿ ನೂರ ಹನ್ನೆರಡು ಮನೆಗಳಿವೆ. ಅಷ್ಟೂ ಮನೆಗೆ ಪಾರ್ಸೆಲ್ ಮುಟ್ಟಿಸಿದವಳು ಈ ಲೋಕದಲ್ಲಿ ನಾನೊಬ್ಬಳೇ.

ಊರು ಇರುವುದು ಕಂಪ್ಯೂಟರಿನಲ್ಲಿ. ಹಳದಿ ಬಣ್ಣದ ಒಂದು ಪುಟ್ಟ ವ್ಯಾನು, ಅದನ್ನು ನಡೆಸಲು ಕೀಬೋರ್ಡಿನ ನಾಲ್ಕು ಬಾಣದ ಗುಂಡಿ. ಬೆಳಿಗ್ಗೆ ಗೋದಾಮಿನಲ್ಲಿ ಇಪ್ಪತ್ತು ಪಾರ್ಸೆಲ್ ತುಂಬಿಕೊಂಡು ಹೊರಡಬೇಕು, ವಿಳಾಸ ನೋಡಿಕೊಂಡು ಒಂದೊಂದೇ ಮನೆಗೆ ಕೊಡಬೇಕು, ಸಂಜೆ ಖಾಲಿ ವ್ಯಾನು ತಂದು ನಿಲ್ಲಿಸಬೇಕು. ಆಟ ಅಷ್ಟೆ. ಗುಂಡು ಹಾರಿಸುವುದಿಲ್ಲ, ಯಾರೂ ಸಾಯುವುದಿಲ್ಲ, ಹೊತ್ತಾಯಿತೆಂದು ಯಾರೂ ಬೈಯುವುದಿಲ್ಲ. ಪಾರ್ಸೆಲ್ ತೆಗೆದುಕೊಂಡವರು ಬಾಗಿಲಲ್ಲಿ ನಿಂತು ಒಂದು ಮಾತು ಹೇಳುತ್ತಾರೆ. ರಿಪೇರಿಗೆ ಕೊಟ್ಟಿದ್ದ ಕೊಡೆ ಬಂತಲ್ಲ ಎಂದೋ, ತಂಗಿ ಕಳಿಸಿದ ಸ್ವೆಟರು ಈ ಸಲವೂ ಬಿಗಿಯೇ ಇರುತ್ತದೆ ಎಂದೋ. ಆ ಮಾತುಗಳನ್ನೆಲ್ಲ ಬರೆದವರು ಅಳಿಯ. ಮನೆಯಲ್ಲಿ ದಿನಕ್ಕೆ ಹತ್ತು ಮಾತಾಡದ ಮನುಷ್ಯ ಒಂದು ಇಡೀ ಊರಿನ ಬಾಯಿಗೆ ಮಾತು ಹುಡುಕಿ ಇಟ್ಟಿದ್ದರು.

ನಾನು ಸಸ್ಯಶಾಸ್ತ್ರ ಓದಿ, ಮೂವತ್ತೊಂದು ವರ್ಷ ಬೀಜ ಪರೀಕ್ಷೆಯ ಪ್ರಯೋಗಾಲಯದಲ್ಲಿ ದುಡಿದವಳು. ಒದ್ದೆ ಕಾಗದದ ಮೇಲೆ ನೂರು ಬೀಜ ಸಾಲಾಗಿ ಇಟ್ಟು, ಎಷ್ಟು ಮೊಳೆತವು, ಎಷ್ಟು ಕೊಳೆತವು, ಎಷ್ಟು ಸುಮ್ಮನೆ ಮಲಗಿವೆ ಎಂದು ದಿನಾ ನೋಡಿ ಬರೆಯುವುದು ನಮ್ಮ ಕೆಲಸ. ಬೇಸರ ಬರುವುದಿಲ್ಲವೇ ಎಂದು ಜನ ಕೇಳುತ್ತಿದ್ದರು. ನನಗೆ ಬರುತ್ತಿರಲಿಲ್ಲ. ಈಗ ಎಪ್ಪತ್ತನಾಲ್ಕು ವರ್ಷ. ಮಗಳು, ಅಳಿಯನ ಜೊತೆ ಇದ್ದೇನೆ. ಮಗಳಿಗೆ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವ ಕೆಲಸ. ಇಬ್ಬರೂ ಬೆಳಿಗ್ಗೆ ಹೊರಟರೆ ಮನೆಗೆ ಬರುವುದು ಆರು ಗಂಟೆಗೆ.

ಅಳಿಯನದು ಆಂಬುಲೆನ್ಸ್ ಕಂಟ್ರೋಲ್ ರೂಮಿನ ಕೆಲಸ. ಜನ ಗಾಬರಿಯಲ್ಲಿ ಫೋನ್ ಮಾಡಿದಾಗ ಎತ್ತುವುದು, ವಿಳಾಸ ಕೇಳಿ ಎರಡು ಸಲ ತಿರುಗಿ ಹೇಳುವುದು, ಹತ್ತಿರದ ಗಾಡಿ ಕಳಿಸುವುದು, ಗಾಡಿ ಬಾಗಿಲಿಗೆ ಬರುವವರೆಗೆ ಮಾತಾಡುತ್ತಾ ಇರುವುದು. ಹನ್ನೊಂದು ವರ್ಷ ಅದನ್ನೇ ಮಾಡಿದವರು. ಮೂರು ತಿಂಗಳ ಹಿಂದೆ ಒಂದು ದಿನ, ಪಾರ್ಕಿನ ಹಿಂದಿನ ಮನೆಯಿಂದ ಒಬ್ಬಾಕೆ ಫೋನ್ ಮಾಡಿದಳು. ಅವಳ ಗಂಡ ಊಟದ ತಟ್ಟೆಯ ಮೇಲೆ ಕುಸಿದಿದ್ದ. ಅಳಿಯ ಗಾಡಿಯನ್ನು ಪಾರ್ಕಿನ ಉತ್ತರದ ಗೇಟಿನಿಂದ ಕಳಿಸಿದರು. ಆ ಗೇಟು ರಿಪೇರಿಗಾಗಿ ವಾರದ ಮಟ್ಟಿಗೆ ಮುಚ್ಚಿತ್ತು. ಮುಚ್ಚಿದೆ ಎಂಬ ಚೀಟಿ ಬಂದಿತ್ತು. ಚೀಟಿಯನ್ನು ಅವತ್ತು ಬೆಳಿಗ್ಗೆ ಬೋರ್ಡಿಗೆ ಪಿನ್ನು ಚುಚ್ಚಿ ಹಾಕಿದವರು ಅಳಿಯನೇ. ಗಾಡಿ ಸುತ್ತಿ ಬರುವಷ್ಟರಲ್ಲಿ ಹನ್ನೊಂದು ನಿಮಿಷ ಹೋಯಿತು. ಆ ಮನುಷ್ಯ ಬದುಕಿದ. ಬಲಗೈಗೆ ಮಾತ್ರ ಶಕ್ತಿ ಮರಳಲಿಲ್ಲ.

ಯಾರೂ ದೂರು ಕೊಡಲಿಲ್ಲ. ವಿಚಾರಣೆಯಲ್ಲಿ ಯಾರದೂ ತಪ್ಪಿಲ್ಲವೆಂದು ಬರೆದರು. ಫೋನ್ ಮಾಡಿದ ಆಕೆ ಎರಡು ಸಾಲಿನ ಕಾಗದವನ್ನೂ ಕಳಿಸಿದ್ದಳು, ಆ ಹೊತ್ತಿನಲ್ಲಿ ಜೊತೆಗೆ ಮಾತಾಡುತ್ತಾ ಇದ್ದದ್ದಕ್ಕೆ ಥ್ಯಾಂಕ್ಸ್ ಎಂದು. ಆ ಕಾಗದ ಓದಿದ ಮಾರನೇ ದಿನದಿಂದ ಅಳಿಯನಿಗೆ ಫೋನ್ ಎತ್ತಲು ಆಗಲಿಲ್ಲ. ರಿಂಗಾದರೆ ಕೈ ಅರ್ಧಕ್ಕೆ ಹೋಗಿ ನಿಲ್ಲುತ್ತಿತ್ತು. ಮನೆಯಲ್ಲಿ ಕೂಡ ಅವರ ಮೊಬೈಲ್ ಬಡಿದುಕೊಂಡರೆ ಮಗಳೇ ಎತ್ತಿ "ಸ್ನಾನಕ್ಕೆ ಹೋಗಿದ್ದಾರೆ" ಅನ್ನುತ್ತಿದ್ದಳು. ದಿನಕ್ಕೆ ಆರು ಸಲ ಸ್ನಾನ ಮಾಡುವ ಗಂಡ ತನಗೊಬ್ಬಳಿಗೇ ಸಿಕ್ಕಿರುವುದು ಎಂದು ನನ್ನ ಹತ್ತಿರ ನಕ್ಕಳು, ನಗುತ್ತಲೇ ಮೂಗು ಒರೆಸಿಕೊಂಡಳು.

ಕಂಟ್ರೋಲ್ ರೂಮಿನ ಮೇಲ್ವಿಚಾರಕಿ ಒಳ್ಳೆಯ ಹೆಂಗಸು. ಅಳಿಯನನ್ನು ಪಕ್ಕದ ದಾಖಲೆ ವಿಭಾಗಕ್ಕೆ ಹಾಕಿದಳು. ಹಳೆಯ ಕರೆಗಳ ಕಡತ ಜೋಡಿಸುವ ಕೆಲಸ. ನಡುವೆ ಒಂದು ಗಾಜಿನ ಗೋಡೆ. ಅವರ ಹಳೆಯ ಕುರ್ಚಿಗೆ ಬೇರೆ ಯಾರನ್ನೂ ಕೂರಿಸದೆ, ಅವರ ಹೆಡ್‌ಫೋನನ್ನು ಬಟ್ಟೆಯಲ್ಲಿ ಸುತ್ತಿ ಡ್ರಾಯರಿನಲ್ಲಿ ಇಟ್ಟಿದ್ದಳು. ಆದರೆ ಕುರ್ಚಿಯನ್ನು ಎಷ್ಟು ದಿನ ಖಾಲಿ ಇಡುವುದು? ಈ ತಿಂಗಳ ಕೊನೆಯೊಳಗೆ ಬರುತ್ತೀರೋ ಇಲ್ಲವೋ ಹೇಳಿ, ಇಲ್ಲದಿದ್ದರೆ ಹೊಸಬರನ್ನು ತೆಗೆದುಕೊಳ್ಳಬೇಕಾಗುತ್ತದೆ, ನೀವು ದಾಖಲೆಯಲ್ಲೇ ಉಳಿಯಬೇಕಾಗುತ್ತದೆ ಅಂದಿದ್ದಳು. ಅಳಿಯ ಯೋಚಿಸುತ್ತೇನೆ ಎಂದು ಬಂದವರು ನೇರ ಕಂಪ್ಯೂಟರಿನ ಮುಂದೆ ಕೂತರು.

ಆಟ ಮಾಡುವ ಹುಚ್ಚು ಅವರಿಗೆ ಮೊದಲೂ ಇತ್ತು. ಮದುವೆಯಾದ ಹೊಸದರಲ್ಲಿ ಒಂದು ಕಪ್ಪೆ ಹಾರುವ ಆಟ ಮಾಡಿದ್ದರಂತೆ. ಕಪ್ಪೆ ಒಂದೇ ದಿಕ್ಕಿಗೆ ಹಾರುತ್ತಿತ್ತಂತೆ. ಆದರೆ ಈ ಊರು ಶುರುವಾದದ್ದು ಆ ಕಾಗದದ ನಂತರ. ಆರೂವರೆಯಿಂದ ಎಂಟೂವರೆ, ಭಾನುವಾರ ಇಡೀ ದಿನ. ಹೊಸ ಹೊಸ ರಸ್ತೆ, ಓಣಿ, ಸೇತುವೆ. ಎಲ್ಲ ರಸ್ತೆಯೂ ಇನ್ನೊಂದು ರಸ್ತೆಗೆ ಕೂಡುತ್ತಿತ್ತು. ಒಂದೇ ಒಂದು ಗೇಟು, ಒಂದೇ ಒಂದು ಮುಚ್ಚಿದ ದಾರಿ ಇಡೀ ಊರಿನಲ್ಲಿ ಇರಲಿಲ್ಲ. ನನಗೆ ಅದು ಮೊದಲ ದಿನವೇ ಗೊತ್ತಾಯಿತು. ಹೇಳಲಿಲ್ಲ.

ನಾನು ಪರೀಕ್ಷಕಿ ಆದದ್ದು ಹೀಗೆ. ಒಂದು ಸಂಜೆ ಅವರ ಹಿಂದೆ ನಿಂತು ನೋಡುತ್ತಿದ್ದೆ. ಆ ಮನೆಯ ಮೆಟ್ಟಿಲು ಗಾಳಿಯಲ್ಲಿ ನಿಂತಿದೆಯಲ್ಲ, ಹತ್ತುವುದು ಹೇಗೆ ಎಂದು ಕೇಳಿದೆ. ಅವರು ತಿರುಗಿ ನೋಡಿ, ಎದ್ದು, ತಮ್ಮ ಕುರ್ಚಿ ಬಿಟ್ಟುಕೊಟ್ಟರು. ಮಾರನೇ ದಿನದಿಂದ ಮಧ್ಯಾಹ್ನ ಮನೆ ಖಾಲಿಯಿದ್ದಾಗ ನಾನು ಆಡುವುದು, ತಪ್ಪು ಕಂಡದ್ದನ್ನು ತಾರೀಖು ಹಾಕಿ ನೋಟ್‌ಬುಕ್ಕಿನಲ್ಲಿ ಬರೆಯುವುದು, ಸಂಜೆ ಅವರು ಅದನ್ನು ನೋಡಿ ಸರಿಮಾಡುವುದು. ನನ್ನ ಬೆರಳು ನಿಧಾನ. ವ್ಯಾನು ತಿರುವಿನಲ್ಲಿ ನೇರ ಹೋಗಿ ಕೊಳಕ್ಕೆ ಬೀಳುತ್ತಿತ್ತು. ಎರಡು ದಿನ ಕಳೆದ ಮೇಲೆ ನೋಡುತ್ತೇನೆ, ಗುಂಡಿಯಿಂದ ಬೆರಳು ತೆಗೆದರೆ ವ್ಯಾನು ತಾನೇ ನಿಲ್ಲುತ್ತಿದೆ, ಅಕ್ಷರಗಳು ದಪ್ಪವಾಗಿವೆ. ಅವರು ಬಾಯಿಬಿಟ್ಟು ಹೇಳಲಿಲ್ಲ. ನಮ್ಮಿಬ್ಬರ ನಡುವೆ ಹದಿನೆಂಟು ವರ್ಷದಿಂದ "ಊಟ ಆಯ್ತಾ ಅತ್ತೆ", "ಆಯ್ತಪ್ಪ, ನಿಮ್ಮದು" ಎಂಬಷ್ಟೇ ಸಲಿಗೆ ಇದ್ದದ್ದು. ಅಲ್ಲಿಂದ ಇಲ್ಲಿಗೆ ಬಂದದ್ದೇ ದೊಡ್ಡದು.

ಮಗಳು ಮಾತ್ರ ಒಂದು ಸಲ ಹತ್ತು ನಿಮಿಷ ಆಡಿ, ಇದು ಆಟವಲ್ಲ, ಊಟವಾದ ಮೇಲಿನ ಸುತ್ತಾಟ ಅಂದಳು. ಎಲ್ಲಾದರೂ ಒಂದು ಕಡೆ ಏನಾದರೂ ಅಡ್ಡ ಬರಬೇಡವೇ ರೀ, ಸಿಕ್ಕಿಹಾಕಿಕೊಂಡು ಬಿಡಿಸಿಕೊಂಡರೆ ತಾನೇ ಆಟ. ಅಳಿಯ ಪರದೆಯ ಕಡೆ ತಿರುಗಿ ಇನ್ನೊಂದು ಓಣಿ ಎಳೆದರು. ಮಗಳು ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಇಟ್ಟಳು. ಆಮೇಲೆ ಟೀ ಮಾಡಿ ತಂದು ಅವರ ಮೊಣಕೈ ತಾಗದಷ್ಟು ದೂರದಲ್ಲಿ ಇಟ್ಟು ಹೋದಳು.

ಆ ಮಾತು ಅವರಿಗೆ ನಾಟಿರಬೇಕು. ಎರಡು ದಿನ ಬಿಟ್ಟು ಊರಿಗೆ ಮಂಜು ಬಂತು. ಗೇಟು ಹಾಕಲಿಲ್ಲ, ಬೇಲಿ ಹಾಕಲಿಲ್ಲ, ಮಂಜು ಹಾಕಿದರು. ಅದೂ ಅಪರೂಪಕ್ಕೆ ಬರುವ ಮಂಜು. ಬಂದಾಗ ವ್ಯಾನಿನ ಸುತ್ತ ನಾಲ್ಕು ಚೌಕ ಬಿಟ್ಟರೆ ಉಳಿದದ್ದೆಲ್ಲ ಬಿಳಿ.

ಮಂಗಳವಾರ ಮಧ್ಯಾಹ್ನ ಆಡುತ್ತಿದ್ದೆ. ಹತ್ತೊಂಬತ್ತು ಪಾರ್ಸೆಲ್ ಕೊಟ್ಟಾಗಿತ್ತು, ಒಂದೇ ಬಾಕಿ. ಎರಡೂವರೆಗೆ ಮಂಜು ಇಳಿಯಿತು. ಕಾದೆ. ಹೋಗಲಿಲ್ಲ. ಮೆಲ್ಲಗೆ ಮುಂದೆ ಹೋದೆ, ಗೋಡೆ. ಹಿಂದೆ ಬಂದೆ, ಗೋಡೆ. ವ್ಯಾನು ಎಲ್ಲಿದೆಯೆಂದೇ ತಿಳಿಯದಾಯಿತು. ಆಟದ ಮಧ್ಯದಲ್ಲಿ ಸೇವ್ ಮಾಡಲು ಬರುವುದಿಲ್ಲ, ನಿಲ್ಲಿಸಿದರೆ ಹತ್ತೊಂಬತ್ತು ಪಾರ್ಸೆಲೂ ನೀರುಪಾಲು. ಅದಕ್ಕಿಂತ ಹೆಚ್ಚಾಗಿ, ತಪ್ಪು ಗುಂಡಿ ಒತ್ತಿ ಅವರ ಮೂರು ತಿಂಗಳ ಊರನ್ನೇ ಅಳಿಸಿಬಿಟ್ಟರೆ ಎಂದು ಕೈಗಳನ್ನು ಕೀಬೋರ್ಡಿನಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡೆ. ಮೂರು ಗಂಟೆಗೆ ಅಳಿಯನ ಮೊಬೈಲಿಗೆ ಫೋನ್ ಮಾಡಿದೆ. ಅವರು ಎತ್ತುವುದಿಲ್ಲವೆಂದು ಮರೆತೇ ಹೋಗಿತ್ತು.

ಎತ್ತಿದರು. ಹದಿನೆಂಟು ವರ್ಷದಲ್ಲಿ ನಾನು ಅವರ ಕಚೇರಿ ಹೊತ್ತಿನಲ್ಲಿ ಫೋನ್ ಮಾಡಿದ್ದು ಅದೇ ಮೊದಲು. ಏನೋ ಆಗಿದೆ ಎಂದುಕೊಂಡು ಎತ್ತಿದ್ದರು.

"ಸಿಕ್ಕಿಹಾಕ್ಕೊಂಡಿದೀನಿ" ಎಂದೆ.

"ಬಾತ್‌ರೂಮಲ್ಲಾ ಅತ್ತೆ?"

"ಇಲ್ಲಪ್ಪ. ಮಂಜಲ್ಲಿ."

ಆ ಕಡೆ ಒಂದು ಉಸಿರು ಕೇಳಿಸಿತು. ಆಮೇಲೆ ನಾನು ಅದುವರೆಗೆ ಕೇಳಿರದ ಒಂದು ದನಿ ಬಂತು. ಜೋರೂ ಅಲ್ಲ, ಮೆತ್ತಗೂ ಅಲ್ಲ, ಹಸಿ ಗೋಡೆಗೆ ಕೈ ಇಟ್ಟ ಹಾಗೆ ತಣ್ಣಗಿನ ದನಿ.

"ಸರಿ. ನಾನು ಲೈನಲ್ಲೇ ಇರ್ತೀನಿ, ನೀವೂ ಇಡಬೇಡಿ. ಎದುರಿಗೆ ಏನು ಕಾಣ್ತಿದೆ?"

"ಬೆಳ್ಳಗೆ ಕಾಣ್ತಿದೆ."

"ಚಕ್ರದ ಕೆಳಗೆ?"

"ಕಲ್ಲು ಹಾಸಿದೆ."

"ಚೌಕ ಕಲ್ಲಾ, ಉದ್ದ ಕಲ್ಲಾ?"

"ಉದ್ದ."

"ಉದ್ದ. ಹಾಗಾದ್ರೆ ಮೇಲಿನ ಪೇಟೆ. ಬಲಗಡೆ ಬಾಣ ಒಂದೇ ಸಲ ಒತ್ತಿ. ಏನಾಯ್ತು?"

"ಢಬ್ ಅಂತು."

"ಏನೂ ಆಗಲ್ಲ, ಅದು ಗೋಡೆ. ಯಾವ ಬಣ್ಣ?"

"ನೀಲಿ. ನೀಲಿನೋ ಹಸಿರೋ. ಕನ್ನಡಕ ಒರೆಸ್ಕೊಳ್ಳಲಾ?"

"ಒರೆಸ್ಕೊಳ್ಳಿ. ಅವಸರ ಇಲ್ಲ, ನಾನು ಎಲ್ಲೂ ಹೋಗಲ್ಲ."

ಒರೆಸಿಕೊಂಡು ನೀಲಿ ಎಂದೆ. ಕಿಟಕಿಯಲ್ಲಿ ಬೆಕ್ಕು ಇದೆಯೇ ಎಂದು ಕೇಳಿದರು. ಇತ್ತು. ಬಾಲ ಯಾವ ಕಡೆಗೆ ಇಳಿಬಿದ್ದಿದೆ ಎಂದು ಕೇಳಿದರು. ಎಡಕ್ಕೆ. ಹಾಗಾದರೆ ನೀವು ಬ್ರೆಡ್ ಅಂಗಡಿಯ ಹಿಂದೆ ಇದ್ದೀರಿ, ಎರಡು ಹೆಜ್ಜೆ ಹಿಂದೆ ಬಂದು ಎಡಕ್ಕೆ ತಿರುಗಿ ಎಂದರು. ಪ್ರತಿ ಕಿಟಕಿಯ ಬೆಕ್ಕಿನ ಬಾಲವನ್ನೂ ಬೇರೆ ಬೇರೆ ಬರೆದಿದ್ದರೆಂದು ನನಗೆ ಗೊತ್ತಾದದ್ದು ಆಗಲೇ. ಹದಿನಾಲ್ಕು ನಿಮಿಷದಲ್ಲಿ ಕೊನೆಯ ಪಾರ್ಸೆಲ್ ಕೊಟ್ಟು ಗೋದಾಮು ಸೇರಿದೆ. ಇಡೀ ಊರಿನಲ್ಲಿ ಮಂಜು ಹಾಗೇ ಇತ್ತು.

ಸಂಜೆ ಅಳಿಯ ಬಂದು ನೋಡಿ ಹಣೆ ಚಚ್ಚಿಕೊಂಡರು. ಮಂಜು ಶುರುವಾಗುವುದನ್ನು ಬರೆದಿದ್ದರು, ನಿಲ್ಲುವುದನ್ನು ಬರೆಯಲು ಮರೆತಿದ್ದರು. ಮಗಳು ಕೇಳಿ ನಕ್ಕಳು. "ಅಮ್ಮನ ಫೋನನ್ನ ಹದಿನಾಲ್ಕು ನಿಮಿಷ ತಡ್ಕೊಂಡ್ರಾ? ನಾನು ಮೂರೇ ನಿಮಿಷಕ್ಕೆ ಇಟ್ಟುಬಿಡ್ತೀನಿ." ಅಳಿಯ ನಗಲಿಲ್ಲ. ನೋಟ್‌ಬುಕ್ಕು ತಿರುವುತ್ತಾ, ನನ್ನ ಮುಖ ನೋಡದೆ ಹೇಳಿದರು.

"ಅತ್ತೆ, ನಿಮ್ಮ ದನಿ ನಡುಗ್ತಿತ್ತು."

"ವಯಸ್ಸಿಗೆ ನಡುಗತ್ತಪ್ಪ."

"ನನ್ನದು ನಡುಗಲಿಲ್ಲ" ಎಂದರು.

ಮಗಳು ಹುರಿಯುತ್ತಿದ್ದದ್ದನ್ನು ಒಲೆ ಆರಿಸಿ ಬಿಟ್ಟು ಬಾಗಿಲ ಬಳಿ ನಿಂತಳು. ಅಳಿಯ ನೋಟ್‌ಬುಕ್ಕು ಮುಚ್ಚಿ, ಒಂದು ಸಹಾಯ ಮಾಡುತ್ತೀರಾ, ನಾಳೆಯೂ ಮೂರು ಗಂಟೆಗೆ ದಾರಿ ತಪ್ಪುತ್ತೀರಾ ಎಂದು ಕೇಳಿದರು. ತಿಂಗಳು ಮುಗಿಯಲು ಹನ್ನೆರಡು ದಿನ ಇತ್ತು.

ಹೀಗೆ ನನಗೆ ನಿವೃತ್ತಿಯಾಗಿ ಹದಿನಾರು ವರ್ಷದ ಮೇಲೆ ಹೊತ್ತಿಗೆ ಸರಿಯಾಗಿ ಮಾಡಬೇಕಾದ ಕೆಲಸ ಸಿಕ್ಕಿತು. ಅಳಿಯ ಮಂಜನ್ನು ನಾನು ಬೇಕೆಂದಾಗ ಬರಿಸಿಕೊಳ್ಳುವ ಗುಂಡಿ ಮಾಡಿಕೊಟ್ಟರು. ಊಟ ಮಾಡಿ, ತಟ್ಟೆ ತೊಳೆದು, ವ್ಯಾನು ಹೊರಡಿಸಿ, ಕಣ್ಣು ಮುಚ್ಚಿ ಬಾಣಗಳನ್ನು ಹೇಗೆಂದರೆ ಹಾಗೆ ಒತ್ತಿ, ಮಂಜು ಬರಿಸಿ, ಮೂರಕ್ಕೆ ಫೋನ್. ಮೊದಲೆರಡು ದಿನ ನಾನು ನಾನಾಗಿಯೇ ಮಾತಾಡಿದೆ. ಆಮೇಲೆ, ಜನ ಇಷ್ಟು ನೆಟ್ಟಗೆ ಉತ್ತರ ಕೊಡುತ್ತಾರೆಯೇ ಎಂದು ಕೇಳಿದ್ದಕ್ಕೆ, ಎಲ್ಲಿ ಕೊಡುತ್ತಾರೆ ಎಂದರು ಅಳಿಯ. ಕೆಲವರು ವಿಳಾಸ ಕೇಳಿದರೆ ರೋಗದ ಚರಿತ್ರೆ ಹೇಳುತ್ತಾರೆ, ಕೆಲವರು ಬೈಯುತ್ತಾರೆ, ಕೆಲವರು ಮನೆಯವರೊಂದಿಗೆ ಜಗಳ ಮುಗಿಸಿ ಆಮೇಲೆ ಮಾತಾಡುತ್ತಾರೆ. ನಾನು ಕಾಲೇಜಿನಲ್ಲಿ ನಾಟಕ ಆಡಿದವಳು. ಒಂದು ದಿನ ಕಿವಿ ಕೇಳದ ಮುದುಕನಾದೆ. ಅದಕ್ಕೆ ಹೆಚ್ಚು ಅಭಿನಯ ಬೇಕಾಗಲಿಲ್ಲ. ಇನ್ನೊಂದು ದಿನ ಜಗಳಗಂಟಿ ಹೆಂಗಸಾಗಿ, ಗೋಡೆ ಯಾವ ಬಣ್ಣವಾದರೆ ನಿನಗೇನು, ಗಾಡಿ ಕಳಿಸು ಎಂದು ಕೂಗಿದೆ. "ಕಳಿಸ್ತೀನಮ್ಮ, ಬಣ್ಣ ಹೇಳಿದ್ರೆ ಬೇಗ ಬರುತ್ತೆ" ಎಂದರು, ಒಂದಿಷ್ಟೂ ಬೇಸರವಿಲ್ಲದೆ.

ಆರನೆಯ ದಿನ ನಾನು ಅತಿ ಮಾಡಿದೆ. ಅಳುವ ಹೆಂಗಸಾದೆ. ನಮ್ಮ ಮನೆಯವರು ತಟ್ಟೆಯ ಮೇಲೆ ಬಿದ್ದಿದ್ದಾರೆ ಎಂದುಬಿಟ್ಟೆ. ಬಾಯಿಂದ ಹೊರಟ ಮೇಲೆ ನಾನೇನು ಹೇಳಿದೆನೆಂದು ತಿಳಿಯಿತು. ಆ ಕಡೆ ಫೋನ್ ಇಟ್ಟ ಸದ್ದಾಯಿತು.

ನಾನು ಕೂತಲ್ಲೇ ಕೂತೆ. ಎಪ್ಪತ್ತನಾಲ್ಕು ವರ್ಷಕ್ಕೆ ಬುದ್ಧಿ ಬರದಿದ್ದರೆ ಇನ್ನು ಯಾವಾಗ ಬರುತ್ತದೆ ಎಂದು ನನ್ನನ್ನೇ ಬೈದುಕೊಂಡೆ. ಕೆಲವು ನಿಮಿಷ ಹೋದವು. ಫೋನ್ ರಿಂಗಾಯಿತು. ಅಳಿಯನೇ ಮಾಡಿದ್ದರು.

"ಲೈನ್ ಕಟ್ಟಾಯ್ತು. ಕ್ಷಮಿಸಿ" ಎಂದರು. "ಈಗ ಹೇಳಿ. ಅವರಿಗೆ ಉಸಿರಾಡ್ತಿದೆಯಾ?"

ನನಗೆ ಮತ್ತೆ ಅಭಿನಯ ಬರಲಿಲ್ಲ. ಉಸಿರಾಡುತ್ತಿದೆ ಎಂದೆ. ಅವರು ಚಕ್ರದ ಕೆಳಗಿನ ಕಲ್ಲು ಕೇಳಿದರು, ಬೆಕ್ಕಿನ ಬಾಲ ಕೇಳಿದರು, ವ್ಯಾನನ್ನು ಗೋದಾಮಿಗೆ ಸೇರಿಸಿದರು. ಸಂಜೆ ಕ್ಷಮೆ ಕೇಳಬೇಕೆಂದು ಕಾದಿದ್ದೆ. ಅವರು ಬಂದವರೇ, ಕೊಳದ ಪಕ್ಕದ ಓಣಿಯಲ್ಲಿ ಬೆಕ್ಕೇ ಇಲ್ಲ ಅತ್ತೆ, ಅಲ್ಲೊಂದು ಹಾಕಬೇಕು ಎಂದು ಕಂಪ್ಯೂಟರು ಹಾಕಿದರು. ಕ್ಷಮೆ ಕೇಳಲು ಜಾಗವನ್ನೇ ಕೊಡಲಿಲ್ಲ.

ಒಂಬತ್ತನೆಯ ದಿನ ಆದದ್ದನ್ನು ಹೇಳಲು ನನಗೆ ಈಗಲೂ ನಾಚಿಕೆ.

ಅವತ್ತು ಬೆಳಿಗ್ಗೆ ಎಲ್ಲ ಕಿಟಕಿಯ ಪರದೆ ಒಗೆದು ಹಾಕಿದ್ದೆ. ಊಟವಾದ ಮೇಲೆ ಎರಡೇ ನಿಮಿಷ ಬೆನ್ನು ನೀಡೋಣವೆಂದು ಹಾಸಿಗೆಗೆ ಒರಗಿದೆ. ಫೋನು ಹೊರಗಿನ ಕೋಣೆಯಲ್ಲಿ ಚಾರ್ಜಿಗಿತ್ತು. ಕಿವಿಯ ಯಂತ್ರ ತೆಗೆದು ಮೇಜಿನ ಮೇಲಿಟ್ಟಿದ್ದೆ. ಮಲಗಿದವಳಿಗೆ ಮೂರು ಗಂಟೆಯೂ ಇಲ್ಲ, ವ್ಯಾನೂ ಇಲ್ಲ.

ಎಚ್ಚರವಾದಾಗ ನನ್ನ ಮೇಲೆ ನಾಲ್ಕು ಮುಖಗಳು ಬಾಗಿದ್ದವು. ಒಂದು ಪಕ್ಕದ ಮನೆಯ ಹೊಲಿಗೆಯವಳದು, ಕುತ್ತಿಗೆಯಲ್ಲಿ ಅಳತೆಯ ಟೇಪು. ಇನ್ನೊಂದು ಅವಳ ಗಿರಾಕಿಯದು, ಒಂದೇ ತೋಳಿನ ರವಿಕೆಯ ಮೇಲೆ ಶಾಲು ಹೊದ್ದಿದ್ದಳು. ಉಳಿದ ಇಬ್ಬರು ಆಂಬುಲೆನ್ಸಿನ ಡ್ರೈವರು ಮತ್ತು ನರ್ಸು. ನರ್ಸು ನನ್ನ ಮಣಿಕಟ್ಟು ಹಿಡಿದಿದ್ದಳು. ನಾನು ಮೊದಲು ಮಾಡಿದ ಕೆಲಸ ಸೆರಗು ಸರಿಪಡಿಸಿಕೊಂಡದ್ದು. ಎರಡನೆಯದು, ಕಿವಿಯ ಯಂತ್ರ ಹಾಕಿಕೊಂಡು, ಯಾರಿಗೆ ಏನಾಯಿತು ಎಂದು ಕೇಳಿದ್ದು.

ಹೊಲಿಗೆಯವಳು ನಗುತ್ತಾ ಅಳುತ್ತಾ ಹೇಳಿದ್ದಿಷ್ಟು. ಮೂರು ಗಂಟೆಗೆ ನನ್ನ ಫೋನ್ ಹೋಗಲಿಲ್ಲ. ಮೂರೂ ಐದಕ್ಕೆ ಅಳಿಯನೇ ಮಾಡಿದರು. ಮೂರೂ ಹತ್ತಕ್ಕೆ, ಹನ್ನೆರಡಕ್ಕೆ, ಹದಿಮೂರಕ್ಕೆ. ಆಮೇಲೆ ಹೊಲಿಗೆಯವಳಿಗೆ ಮಾಡಿ, ಹೋಗಿ ಬಾಗಿಲು ಬಡಿಯಿರಿ ಎಂದರು. ಬಡಿದಳು, ಕೂಗಿದಳು, ಯಂತ್ರವಿಲ್ಲದ ನನ್ನ ಕಿವಿಗೆ ಅದು ಎಲ್ಲಿ ಬೀಳಬೇಕು. ಕಿಟಕಿಯಿಂದ ನೋಡಿದರೆ ನಾನು ಬಾಯಿ ತೆರೆದುಕೊಂಡು ಕನ್ನಡಕ ಹಾಕಿಕೊಂಡೇ ಬಿದ್ದಿದ್ದೇನೆ. ಅಲುಗಾಡುತ್ತಿಲ್ಲ ಅಣ್ಣ, ಬೀಗದ ಕೈ ಇದ್ದರೂ ಒಳಗೆ ಹೋಗಲು ಭಯವಾಗುತ್ತಿದೆ ಎಂದು ಅವಳು ಫೋನಿನಲ್ಲಿ ಹೇಳಿದಳು.

ಮುಂದಿನದನ್ನು ಡ್ರೈವರು ಹೇಳಿದ. ಅವನೂ ಅಳಿಯನೊಂದಿಗೆ ಹನ್ನೊಂದು ವರ್ಷ ಕೆಲಸ ಮಾಡಿದವನು. "ನಾವು ಎರಡು ರಸ್ತೆ ಆಚೆ ಇದ್ವಿ ಅಮ್ಮ. ರೇಡಿಯೋದಲ್ಲಿ ಇವರ ದನಿ ಬಂತು, ಗಾಜಿನ ಗೋಡೆ ದಾಟಿ ಬಂದು ತಮ್ಮ ಹಳೇ ಕುರ್ಚೀಲಿ ಕೂತಿದ್ರಂತೆ. ಆ ದನಿ ಕೇಳಿ ಮೂರು ತಿಂಗಳಾಗಿತ್ತಲ್ಲ, ನಾನು ನರ್ಸ್ ಮುಖ ನೋಡ್ದೆ, ನರ್ಸ್ ನನ್ನ ಮುಖ ನೋಡಿದ್ರು. ಮುಂದಿನ ಬಾಗಿಲಿಗೆ ಒಳಗಿಂದ ಚಿಲಕ ಇರುತ್ತೆ, ಮುಂದೆ ಹೋಗಬೇಡಿ, ಹಿಂದಿನ ಓಣಿಲಿ ಬನ್ನಿ, ಓಣಿ ಬಾಯಲ್ಲಿ ನೀರಿನ ಪೈಪ್ ಅಗೆದಿದ್ದಾರೆ, ಎಡಗಡೆ ಚಕ್ರ ಮಣ್ಣಿನ ಮೇಲೆ ಹತ್ತಿಸಿ, ಹೊಲಿಗೆಯವರ ಹತ್ರ ಹಿಂಬಾಗಿಲ ಬೀಗದ ಕೈ ಇದೆ ಅಂದ್ರು. ಎರಡು ಸಲ ಹೇಳಿದ್ರು. ಎಲ್ಲ ಹಾಗೇ ಇತ್ತು."

"ಎಷ್ಟು ಹೊತ್ತಾಯ್ತು?" ಎಂದೆ.

"ನಾಲ್ಕು ನಿಮಿಷ" ಎಂದ. ಅದನ್ನು ಹೇಳುವಾಗ ತನ್ನ ಸ್ವಂತ ಮಗ ಪರೀಕ್ಷೆ ಪಾಸಾದ ಹಾಗೆ ಮುಖ ಮಾಡಿಕೊಂಡಿದ್ದ.

ನರ್ಸು, ಬಂದದ್ದು ಬಂದಿದ್ದೇವೆ ಎಂದು ನನ್ನ ರಕ್ತದೊತ್ತಡ ನೋಡಿದಳು. ಮಲಗಿ ಎದ್ದವಳಿಗೆ ಇರಬೇಕಾದಷ್ಟೇ ಇತ್ತು. ನಾನು ಎಲ್ಲರಿಗೂ ನೀರು ಕೊಟ್ಟೆ. ಡ್ರೈವರು ತನ್ನ ಫೋನು ನನ್ನ ಕಿವಿಗೆ ಕೊಟ್ಟ. ಆ ಕಡೆ ಅಳಿಯ ಇನ್ನೂ ಲೈನಿನಲ್ಲೇ ಇದ್ದರು.

"ಮಲಗಿಬಿಟ್ಟಿದ್ದೆನಪ್ಪ" ಎಂದೆ.

"ಒಳ್ಳೇದಾಯ್ತು ಅತ್ತೆ" ಎಂದರು. ಸ್ವಲ್ಪ ತಡೆದು, "ಇನ್ನು ಇಡಬಹುದು" ಎಂದರು.

ಮಗಳು ಆ ಸಂಜೆ ಅರ್ಧ ಗಂಟೆ ನನ್ನನ್ನು ಬೈದಳು. ಅಳಿಯನನ್ನು ಅರ್ಧ ಗಂಟೆ ಬೈದಳು. ಎಪ್ಪತ್ತನಾಲ್ಕು ವರ್ಷದವಳು ಮಧ್ಯಾಹ್ನ ನಿದ್ದೆ ಮಾಡಿದ್ದಕ್ಕೆ ಆಂಬುಲೆನ್ಸ್ ಕಳಿಸುವವರು ಯಾವ ದೇಶದಲ್ಲಿದ್ದಾರೆ, ನಾಳೆ ನಾನು ಆಕಳಿಸಿದರೆ ಅಗ್ನಿಶಾಮಕದವರು ಬರುತ್ತಾರೋ ಎಂದಳು. ಬೈದು ಮುಗಿಸಿ, ಅವರ ತಟ್ಟೆಗೆ ಬಡಿಸುವಾಗ ಅವರ ಭುಜದ ಮೇಲೆ ಕೈಯಿಟ್ಟು ಅದನ್ನು ತೆಗೆಯಲು ಮರೆತಳು.

ಆದರೆ ತಪ್ಪು ಕರೆ ತಪ್ಪು ಕರೆಯೇ. ಗಾಡಿಯೊಂದು ಬೇಡದ ಕಡೆಗೆ ಹೋದರೆ ಅದನ್ನು ಫಾರಮ್ಮಿನಲ್ಲಿ ಬರೆದು ಮೇಲ್ವಿಚಾರಕಿಗೆ ಕೊಡಬೇಕು. ಅಳಿಯನಿಗೆ ರಾತ್ರಿಯ ಊಟ ಸೇರಲಿಲ್ಲ. ಕೇಳಿದರೆ, ಆ ಹೊತ್ತಿನಲ್ಲಿ ಬೇರೆ ಯಾರಿಗಾದರೂ ಆ ಗಾಡಿ ಬೇಕಾಗಿದ್ದರೆ ಎಂದರು. ಬೇಕಾಗಿತ್ತೇ ಎಂದು ಕೇಳಿದೆ. ಇರಲಿಲ್ಲ, ಅಷ್ಟು ಹೊತ್ತಿಗೆ ಇನ್ನೂ ಎರಡು ಗಾಡಿ ಖಾಲಿ ಇದ್ದವು, ಕಳಿಸುವ ಮೊದಲೇ ನೋಡಿಕೊಂಡಿದ್ದೆ ಎಂದರು. ಹೇಳಿದ ಮೇಲೆ ತಾವೇ ಆ ಮಾತನ್ನು ಕೇಳಿಸಿಕೊಂಡವರ ಹಾಗೆ ತಟ್ಟೆಯನ್ನು ಹತ್ತಿರ ಎಳೆದುಕೊಂಡರು.

ಮಾರನೇ ದಿನ ಫಾರಮ್ಮು ತೆಗೆದುಕೊಂಡು ಹೋದರಂತೆ. ಅದರಲ್ಲಿ ಎರಡು ಕಾಲಮ್ಮು: ಕರೆ ಮಾಡಿದವರು, ಕರೆ ಸ್ವೀಕರಿಸಿದವರು. ಎರಡರಲ್ಲೂ ತಮ್ಮದೇ ಹೆಸರು ಬರೆದಿದ್ದರು. ಮೇಲ್ವಿಚಾರಕಿ ಓದಿ, ಕನ್ನಡಕ ತೆಗೆದು, ಹೀಗೆ ಬರೆದರೆ ಕಂಪ್ಯೂಟರು ತೆಗೆದುಕೊಳ್ಳುವುದಿಲ್ಲ, ಒಬ್ಬನೇ ಮನುಷ್ಯ ತನಗೆ ತಾನೇ ಫೋನ್ ಮಾಡಿಕೊಂಡ ಹಾಗಾಗುತ್ತದೆ ಅಂದಳಂತೆ. ಮೊದಲನೆಯದರಲ್ಲಿ ನಿಮ್ಮ ಅತ್ತೆಯ ಹೆಸರು ಹಾಕಿ. ಎರಡನೆಯದರಲ್ಲಿ ಮಾತ್ರ ನಿಮ್ಮ ಹೆಸರು ಇರಲಿ.

ಅಳಿಯ ತಿದ್ದಿದರು. ತಿದ್ದಿ ಸಹಿ ಹಾಕಿದ ಮೇಲೆ ಹೊರಡಲಿಲ್ಲ. ಮೇಲ್ವಿಚಾರಕಿ ಫಾರಮ್ಮನ್ನು ಕಡತಕ್ಕೆ ಸೇರಿಸುವವರೆಗೆ ನಿಂತಿದ್ದು, ಒಂದನೇ ತಾರೀಖಿನಿಂದ ಬರುತ್ತೇನೆ ಎಂದರಂತೆ. ಹಗಲು ಪಾಳಿ ಸಿಕ್ಕರೆ ಒಳ್ಳೆಯದು, ಮೊದಲ ವಾರ ಪಕ್ಕದಲ್ಲಿ ಯಾರಾದರೂ ಇರಲಿ ಎಂದೂ ಕೇಳಿದರಂತೆ. ಪಕ್ಕದಲ್ಲಿ ನಾನೇ ಕೂರುತ್ತೇನೆ ಅಂದಳಂತೆ ಆಕೆ, ಬೇರೆ ಕಡತ ನೋಡುತ್ತಲೇ.

ಇದನ್ನೆಲ್ಲ ಅವರು ನಮಗೆ ಹೇಳಿದ್ದು ಊಟದ ಮೇಜಿನಲ್ಲಿ, ಮೊಸರು ಇತ್ತ ಕೊಡಿ ಎನ್ನುವ ದನಿಯಲ್ಲಿ. ಮಗಳು ಎದ್ದು ಹೋಗಿ ನಲ್ಲಿ ತಿರುಗಿಸಿಕೊಂಡು ಸ್ವಲ್ಪ ಹೊತ್ತು ನಿಂತಳು. ನಾನು ಅಳಿಯನಿಗೆ, ಹಾಗಾದರೆ ಸರಕಾರದ ಕಡತದಲ್ಲಿ ಸುಳ್ಳು ಕರೆ ಮಾಡಿದವಳು ನಾನು ಎಂದೆ. ಹೌದು ಅತ್ತೆ, ಮೂರು ಸಲ ಮಾಡಿದರೆ ದಂಡ ಬೀಳುತ್ತದೆ, ಇನ್ನೂ ಎರಡು ಸಲ ಮಲಗಬಹುದು ಎಂದರು.

ನಿಜ ಹೇಳಬೇಕೆಂದರೆ ನನಗೆ ಖುಷಿಯ ಜೊತೆಗೆ ಒಂದು ಸಣ್ಣ ಸಂಕಟವೂ ಇತ್ತು. ಅವರು ಈ ಊರು ಕಟ್ಟಿದ್ದು ಆ ಫೋನಿನಿಂದ ತಪ್ಪಿಸಿಕೊಳ್ಳಲು. ಇನ್ನು ತಪ್ಪಿಸಿಕೊಳ್ಳುವುದು ಏನೂ ಇಲ್ಲವಾದರೆ ಊರು ಯಾರಿಗೆ ಬೇಕು? ವಾಸಿಯಾದ ಮೇಲೆ ಔಷಧದ ಸೀಸೆಯನ್ನು ಯಾರು ಮತ್ತೆ ತೆರೆಯುತ್ತಾರೆ. ನೂರ ಹನ್ನೆರಡು ಮನೆಯವರು, ರಿಪೇರಿಯ ಕೊಡೆಗಳು, ಬಿಗಿಯಾದ ಸ್ವೆಟರುಗಳು, ಅಷ್ಟೂ ಬೆಕ್ಕುಗಳು. ಒಂದನೇ ತಾರೀಖಿನಿಂದ ಎಂಟು ದಿನ ಅವರು ಕಂಪ್ಯೂಟರು ಮುಟ್ಟಲಿಲ್ಲ. ಬರುತ್ತಿದ್ದರು, ಸ್ನಾನ ಮಾಡುತ್ತಿದ್ದರು, ನಿಜವಾದ ಸ್ನಾನ, ಊಟ ಮಾಡಿ ಮಲಗಿಬಿಡುತ್ತಿದ್ದರು. ಎರಡನೇ ದಿನ ಬಂದಾಗ ಮುಖ ಬಿಳಿಚಿಕೊಂಡಿತ್ತು. ಮೂರನೇ ದಿನವೂ ಹೋದರು.

ನಾನು ಮಧ್ಯಾಹ್ನ ಆಡುವುದನ್ನು ನಿಲ್ಲಿಸಲಿಲ್ಲ. ಆದರೆ ಮೂರು ಗಂಟೆಗೆ ಫೋನ್ ಮಾಡುವುದಿಲ್ಲ. ಆ ಹೊತ್ತಿಗೆ ಅಲ್ಲಿ ನಿಜವಾಗಿ ಬೇಕಾದವರ ಸಾಲು ಇರುತ್ತದೆ. ದಾರಿ ತಪ್ಪಿದರೆ ನಾನೇ ಕಲ್ಲು ನೋಡಿಕೊಂಡು, ಬಣ್ಣ ನೋಡಿಕೊಂಡು ಹೊರಗೆ ಬರುತ್ತೇನೆ. ಬರದಿದ್ದರೆ ಹಾಗೇ ಬಿಟ್ಟು ಪುಸ್ತಕ ಓದುತ್ತೇನೆ.

ಅವರು ಕುರ್ಚಿಗೆ ಮರಳಿದ ಒಂಬತ್ತನೆಯ ದಿನ ಹಾಗೇ ಬಿಟ್ಟಿದ್ದೆ. ಪರದೆಯ ತುಂಬ ಬಿಳಿ, ನಡುವೆ ಹಳದಿ ವ್ಯಾನು. ಅಳಿಯ ಆರು ಗಂಟೆಗೆ ಬಂದು ಚೀಲ ಇಳಿಸಿ, ಹೋಗುವ ದಾರಿಯಲ್ಲಿ ಅದನ್ನು ನೋಡಿ ನಿಂತರು. ಬಾಟಲಿಯ ನೀರು ಕುಡಿದರು. ಇವತ್ತು ಮೂವತ್ತೆಂಟು ಕರೆ ಅತ್ತೆ ಎಂದರು. ಒಂದು ಮಗು ಅಜ್ಜಿಯ ಫೋನಿನಿಂದ ಮಾಡಿ ತನ್ನ ಗೊಂಬೆಗೆ ಜ್ವರ ಬಂದಿದೆ ಎಂದಿತಂತೆ. ಅಜ್ಜಿ ಪಕ್ಕದಲ್ಲೇ ಕ್ಷೇಮವಾಗಿದ್ದಾರೆ ಎಂದು ಖಚಿತಮಾಡಿಕೊಂಡು, ಗೊಂಬೆಗೆ ನೀರು ಕುಡಿಸು ಎಂದು ಹೇಳಿ ಇಟ್ಟರಂತೆ.

ಆಮೇಲೆ ಇನ್ನೊಂದು ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತು ಪರದೆಯ ಕಡೆ ಬಾಗಿದರು.

"ಎಲ್ಲಿದೀರಿ?" ಎಂದರು.

"ಗೊತ್ತಿಲ್ಲ" ಎಂದೆ. "ನೀವೇ ನೋಡಿ, ನಾನು ಟೀ ಇಡ್ತೀನಿ."